ರೈಲು ಬಂತು, ಬಸ್ಸು ಹೋಯಿತು



ನಾಳೆಯ ನಗರ ಹೇಗಿರಬೇಕು ಎಂಬ ಚರ್ಚೆ ಕರ್ನಾಟಕದಲ್ಲಿ ನಡೆದಾಗಲೆಲ್ಲ ಮಾತು ಬೆಂಗಳೂರಿನಲ್ಲಿ ಶುರುವಾಗಿ ಬೆಂಗಳೂರಿನಲ್ಲೇ ಮುಗಿಯುತ್ತದೆ. 2011ರಲ್ಲಿ ಓಡಲಾರಂಭಿಸಿದ ಮೆಟ್ರೊ, ಸಿಲ್ಕ್ ಬೋರ್ಡ್ ವೃತ್ತದ ವಾಹನಗಳ ಸಾಲು, ಮೇಲ್ಸೇತುವೆ, ಸುರಂಗ ರಸ್ತೆ, ಇಷ್ಟಕ್ಕೆ ವಿಷಯ ತೀರುತ್ತದೆ. ಮಹಾನಗರದಲ್ಲಿ ವಾಹನ ಹೆಚ್ಚಾಗಿ ದಾರಿ ಕಟ್ಟಿಕೊಳ್ಳುತ್ತದೆ, ನಿಜ. ಸಣ್ಣ ಊರಿನ ಕಷ್ಟ ಬೇರೆ. ಅಲ್ಲಿ ವಾಹನ ಸಿಗದೆ ಮನುಷ್ಯ ನಿಂತುಬಿಡುತ್ತಾನೆ. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಒಂದರಲ್ಲಿ ರೈಲು ಜಂಕ್ಷನ್ ಇದೆ, ಇನ್ನೆರಡರಲ್ಲಿ ಜಗತ್ತೇ ನೋಡಬಯಸುವ ಗುಡಿಗಳಿವೆ. ನಡುವೆ ಸೇರಿಸುವ ಕೊಂಡಿ ಸಡಿಲವಾಗಿದೆ.

ಮೊದಲು ಹಳೇಬೀಡು. ಇದು ಹೊಯ್ಸಳರ ರಾಜಧಾನಿ ದೋರಸಮುದ್ರ. ಹೆಸರಿನಲ್ಲೇ ಕೆರೆ ಇದೆ. ಹೊಯ್ಸಳೇಶ್ವರವನ್ನು ಒಂದು ಗಂಟೆ ನೋಡಿ ಹೊರಟುಬಿಡುವ ಪ್ರವಾಸಿಗೆ ಈ ನಗರದ ಅಳತೆ ತಿಳಿಯುವುದೇ ಇಲ್ಲ. ಅಲ್ಲಿಂದ ಕೇದಾರೇಶ್ವರಕ್ಕೆ, ಬಸ್ತಿಹಳ್ಳಿಯ ಜೈನ ಬಸದಿಗಳಿಗೆ, ಇನ್ನೂ ಮುಂದೆ ಹುಲಿಕೆರೆಯ ಕೊಳದತ್ತ ಹೋಗಿ, ಹೊಲಗಳ ನಡುವೆ ಅಲ್ಲಲ್ಲಿ ಉಳಿದ ಕೋಟೆಯ ಗೋಡೆಯನ್ನೂ ಕಂಡವರಿಗೆ ಇದು ಗುಡಿಯಿದ್ದ ಹಳ್ಳಿಯಲ್ಲ, ವಿಸ್ತಾರವಾದ ಪಟ್ಟಣ ಎಂಬುದು ಅರಿವಾಗುತ್ತದೆ. ಗುಡಿಯ ಗೋಡೆಯ ಪಟ್ಟಿಕೆಗಳಲ್ಲಿ ಆನೆಗಳ ಸಾಲು, ಕುದುರೆ ಸವಾರರ ಸಾಲು, ಕಥಾಭಾಗಗಳಲ್ಲಿ ರಥಗಳು. ಆ ಕಾಲದ ಸಂಚಾರ ಸಾಧನಗಳನ್ನೆಲ್ಲ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ ಎಂದರೂ ಸಲ್ಲುತ್ತದೆ.

ರಾಜಧಾನಿಯೆಂದರೆ ದಾರಿಗಳು ಬಂದು ಕೂಡುವ ಜಾಗ. 1311ರಲ್ಲಿ ಮಲ್ಲಿಕ್ ಕಾಫರನ ಸೈನ್ಯ ಬಂದದ್ದೂ ಅಂಥ ದಾರಿಯಲ್ಲೇ. 14ನೇ ಶತಮಾನದಲ್ಲಿ ದಾಳಿಗಳು ಮುಂದುವರಿದವು, ಮೂರನೆಯ ಬಲ್ಲಾಳ ತಿರುವಣ್ಣಾಮಲೆಯಲ್ಲಿ ನೆಲೆ ಮಾಡಿಕೊಂಡ. ಅರಮನೆ ಹೋದ ಮೇಲೆ ದಾರಿಗಳಿಗೆ ಇತ್ತ ಬರಲು ಕಾರಣ ಉಳಿಯಲಿಲ್ಲ. ಬೀಡು ಹಳೆಯದಾಯಿತು, ಊರು ಹಳೇಬೀಡಾಯಿತು. ನಗರಗಳು ಬೆಂಕಿಯಿಂದಷ್ಟೇ ಅಳಿಯುವುದಿಲ್ಲ, ದಾರಿ ತಪ್ಪಿದರೂ ಅಳಿಯುತ್ತವೆ.

ಅರಸೀಕೆರೆಯ ಕಥೆ ಇದಕ್ಕೆ ತದ್ವಿರುದ್ಧ. ಇಲ್ಲಿಯೂ ಹೊಯ್ಸಳರ ಗುರುತಿದೆ. 1220ರ ಸುಮಾರಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪಕ್ಕೆ ಸಾಟಿಯಾದದ್ದು ಅಪರೂಪ. ಅರಸಿಯ ಕೆರೆ ಎಂಬುದರಿಂದಲೇ ಊರಿನ ಹೆಸರು ಎನ್ನುತ್ತಾರೆ. ಆದರೆ ಇಂದಿನ ಅರಸೀಕೆರೆಯನ್ನು ಬೆಳೆಸಿದ್ದು ಅರಸಿಯೂ ಅಲ್ಲ, ಕೆರೆಯೂ ಅಲ್ಲ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ಮೀಟರ್ ಗೇಜ್ ಹಳಿ 1889ರಲ್ಲಿ ಹರಿಹರ ಮುಟ್ಟಿತು. ದಾರಿಯಲ್ಲಿ ಅರಸೀಕೆರೆ, ಅದರಾಚೆ ಬಾಣಾವರ. ಮುಂದೆ ಮೈಸೂರು ಸಂಸ್ಥಾನ ಹಾಕಿಸಿದ ಹಳಿ 1910ರ ದಶಕದ ಕೊನೆಗೆ ಹಾಸನದ ಕಡೆಯಿಂದ ಬಂದು ಸೇರಿತು, ಅರಸೀಕೆರೆ ಜಂಕ್ಷನ್ ಆಯಿತು. ತೆಂಗಿನ ಸೀಮೆಯ ಕೊಬ್ಬರಿಗೆ ದೂರದ ಮಾರುಕಟ್ಟೆಯ ದಾರಿ ತೆರೆಯಿತು. 2011ರ ಜನಗಣತಿಯ ವೇಳೆಗೆ ಪಟ್ಟಣದ ಜನಸಂಖ್ಯೆ 50 ಸಾವಿರ ದಾಟಿತ್ತು. ಒಂದು ಕಾಲದ ರಾಜಧಾನಿ ಬೇಲೂರಿನಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ.

ಹಳಿಯೇನೂ ಗುಡಿಗಳನ್ನು ನೋಡಿಕೊಂಡು ಬಂದದ್ದಲ್ಲ. ಅದಕ್ಕೆ ಬೇಕಿದ್ದದ್ದು ಉತ್ತರದ ಬಯಲು, ಹುಬ್ಬಳ್ಳಿಯ ಹತ್ತಿ. ಹಾಗಾಗಿ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಬೇಲೂರಾಗಲಿ, ಅದಕ್ಕೆ 16 ಕಿಲೋಮೀಟರ್ ದೂರದ ಹಳೇಬೀಡಾಗಲಿ ಇಂದಿಗೂ ರೈಲು ಕಂಡಿಲ್ಲ. ಹಿಂದೆ ಪ್ರವಾಸಿಗಳು ಬಾಣಾವರದಲ್ಲೋ ಅರಸೀಕೆರೆಯಲ್ಲೋ ಇಳಿದು ಗಾಡಿ ಹಿಡಿಯುತ್ತಿದ್ದರು. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಬೆಂಗಳೂರು-ಹಾಸನ ನೇರ ಮಾರ್ಗ ಆರಂಭವಾಯಿತು. ಅಲ್ಲಿಯವರೆಗೆ ಬೆಂಗಳೂರಿನ ರೈಲು ಹಾಸನಕ್ಕೆ ಹೋಗಬೇಕಿದ್ದರೆ ಅರಸೀಕೆರೆಯನ್ನೋ ಮೈಸೂರನ್ನೋ ಬಳಸಿಯೇ ಹೋಗಬೇಕಿತ್ತು.

ಈಗ ಅರಸೀಕೆರೆಯಲ್ಲಿ ರೈಲಿನಿಂದ ಇಳಿದವನೊಬ್ಬ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೋಗಬೇಕು ಎಂದಿಟ್ಟುಕೊಳ್ಳಿ. ಸ್ವಂತ ಕಾರಿದ್ದರೆ ಒಂದು ಗಂಟೆಯ ಮಾತು. ಬಸ್ಸನ್ನೇ ನಂಬಿದವನಿಗೆ ಪ್ರಯಾಣದ ಹೊತ್ತಿನ ಜೊತೆಗೆ ಕಾಯುವ ಹೊತ್ತೂ ಸೇರುತ್ತದೆ. ಲೆಕ್ಕ ಸರಳ. ಗಂಟೆಗೊಂದು ಬಸ್ಸಿದ್ದು, ರೈಲಿಗೂ ಬಸ್ಸಿಗೂ ಸಂಬಂಧವಿಲ್ಲದಿದ್ದರೆ ಸರಾಸರಿ ಅರ್ಧ ಗಂಟೆ ಕಾಯಬೇಕು. ಎರಡು ಗಂಟೆಗೊಂದಾದರೆ ಒಂದು ಗಂಟೆ. ಬಸ್ಸು ಬದಲಾಯಿಸುವಲ್ಲೆಲ್ಲ ಇದೇ ಮತ್ತೆ. ಸಂಜೆಯ ಕೊನೆಯ ಬಸ್ಸು ಐದು ನಿಮಿಷದಲ್ಲಿ ತಪ್ಪಿದರೆ ಆ ಐದು ನಿಮಿಷದ ಬೆಲೆ ಒಂದು ರಾತ್ರಿ.

ಪ್ರವಾಸಿಗೆ ಇದು ಬೇಸರದ ವಿಷಯ, ಅಷ್ಟೇ. ಹಳ್ಳಿಯಿಂದ ಕಾಲೇಜಿಗೆ ಹೋಗುವ ಹುಡುಗಿಗೆ ಹಾಗಲ್ಲ. ಕೊನೆಯ ತರಗತಿ ಮುಗಿಸಿ ಹೊರಟರೆ ಬಸ್ಸು ಸಿಗುವುದಿಲ್ಲ ಎಂದಾದರೆ ಆಕೆ ತರಗತಿಯನ್ನೇ ಬಿಡುತ್ತಾಳೆ. ವರ್ಷ ಕಳೆದಂತೆ ಮನೆಯವರು ಕಾಲೇಜನ್ನೇ ಬಿಡಿಸುತ್ತಾರೆ. ಹಾಸನದ ಆಸ್ಪತ್ರೆಗೆ ಹೋಗಬೇಕಾದ ಮುದುಕರು ಇನ್ನೊಬ್ಬರ ಬೈಕು ಬಿಡುವಾಗುವವರೆಗೆ ಕಾಯಿಲೆಯನ್ನು ಮುಂದೂಡುತ್ತಾರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡು ತಪ್ಪಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಕಾಯುವ ಹೊತ್ತು ತಪ್ಪಲಿಲ್ಲ. ಬರದ ಬಸ್ಸಿನಲ್ಲಿ ಪ್ರಯಾಣ ಉಚಿತವಾದರೂ ಒಂದೇ, ಆಗದಿದ್ದರೂ ಒಂದೇ.

ಇದಕ್ಕೆ ಮೆಟ್ರೊ ಬೇಕಿಲ್ಲ, ವೇಳಾಪಟ್ಟಿ ಬೇಕು. 1982ರಲ್ಲಿ ಸ್ವಿಟ್ಜರ್ಲೆಂಡ್ ದೇಶದಾದ್ಯಂತ ರೈಲುಗಳನ್ನು ಗಂಟೆಗಂಟೆಗೆ ಅದೇ ನಿಮಿಷಕ್ಕೆ ಓಡಿಸಲಾರಂಭಿಸಿತು. 1987ರಲ್ಲಿ ಅಲ್ಲಿನ ಜನ ಮತ ಹಾಕಿ ಇದರ ವಿಸ್ತರಣೆಗೆ ಒಪ್ಪಿದರು. ತತ್ತ್ವ ಇಷ್ಟೇ: ಜಂಕ್ಷನ್ನಿಗೆ ನಾಲ್ಕೂ ಕಡೆಯ ರೈಲುಗಳು ಹೆಚ್ಚುಕಡಿಮೆ ಒಟ್ಟಿಗೆ ಬರಬೇಕು, ಜನ ಇಳಿದು ಹತ್ತಲು ಕೆಲವು ನಿಮಿಷ ನಿಂತು ಹೊರಡಬೇಕು. ನಿಲ್ದಾಣದ ಹೊರಗೆ ಬೆಟ್ಟದ ಹಳ್ಳಿಗೆ ಹೋಗುವ ಹಳದಿ ಅಂಚೆ ಬಸ್ಸು ಕಾದಿರುತ್ತದೆ. ರೈಲು ಮಿಂಚಿನ ವೇಗದಲ್ಲಿ ಓಡಬೇಕಿಲ್ಲ, ಮುಂದಿನ ಕೂಟದ ಹೊತ್ತಿಗೆ ತಲುಪಿದರೆ ಸಾಕು. ಸಿರಿವಂತ ದೇಶದ ಮಾತು ನಮಗೇಕೆ ಎನ್ನುವವರಿದ್ದಾರೆ. ಇಲ್ಲಿನ ರೈಲು ತಡವಾದರೆ ಬಸ್ಸು ಎಷ್ಟು ಹೊತ್ತು ಕಾಯಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ರೈಲು ಎಲ್ಲಿದೆ ಎಂದು ಇಂದು ಪ್ರಯಾಣಿಕನ ಕೈಯ ಮೊಬೈಲಿಗೇ ಗೊತ್ತಿರುವಾಗ ಬಸ್ ನಿಲ್ದಾಣದ ನಿಯಂತ್ರಕರಿಗೆ ಗೊತ್ತಾಗಲಾರದೇ? ಹತ್ತು ನಿಮಿಷ ತಡೆದರೆ ಮುಳುಗುವುದೇನು?

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಭಾರತದ 42ನೆಯ ತಾಣವಾಗಿ. ಇಂಥ ಕೀರ್ತಿ ಬಂದ ಕಡೆ ಜನ ಬರುತ್ತಾರೆ, ಬಸ್ಸು ಒಗ್ಗದಿದ್ದರೆ ಕಾರಿನಲ್ಲೇ ಬರುತ್ತಾರೆ. ಚೆನ್ನಕೇಶವನ ಗೋಪುರದ ಮುಂದಿನ ಬೀದಿ ನೂರಾರು ಕೈಗಳು ಹಗ್ಗ ಹಿಡಿದು ಎಳೆಯುವ ತೇರಿಗೆಂದು ಇರುವ ಬೀದಿ. ಅಲ್ಲಿ ವೇಗದ ಪ್ರಶ್ನೆಯೇ ಇರಲಿಲ್ಲ. ಅದನ್ನು ಕಾರು ನಿಲ್ಲಿಸುವ ಜಾಗ ಮಾಡಿಕೊಂಡರೆ ತೇರಿಗೂ ಕಷ್ಟ, ಹೂವು ಹಣ್ಣು ಮಾರುವವರಿಗೂ ಕಷ್ಟ. ಕಾರು ನಿಲ್ಲಿಸಲು ಮನೆ ಅಂಗಡಿ ಕೆಡವುವುದು ಇನ್ನೂ ಕೆಟ್ಟ ಮದ್ದು. ಊರ ಹೊರಗೆ ಕಾರು ಬಿಡಿಸಿ, ಬೇಲೂರು-ಹಳೇಬೀಡುಗಳ ನಡುವೆ ಸಣ್ಣ ಬಸ್ಸುಗಳನ್ನು ಬೆಳಗಿನಿಂದ ಕತ್ತಲೆಯವರೆಗೆ ಬಿಡದೆ ಓಡಿಸಿದರೆ, ಪ್ರವಾಸಿಯ ಬಸ್ಸೇ ಕಾಲೇಜಿನ ಹುಡುಗಿಯ ಬಸ್ಸೂ ಆಗುತ್ತದೆ.

ಹೇಳುವುದು ಸುಲಭ, ಮಾಡಬೇಕಾದವರು ಯಾರು? ರೈಲು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆಯದು, ಬಸ್ಸು ರಾಜ್ಯದ ಸಾರಿಗೆ ನಿಗಮದ್ದು, ಸ್ಮಾರಕ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಊರಿನ ಪುರಸಭೆಗೆ ಉಳಿದದ್ದು ಚರಂಡಿ ಮತ್ತು ಬೀದಿ ದೀಪ. ವಾಹನಕ್ಕಿಂತ ಜನರ ಓಡಾಟ ಮುಖ್ಯ ಎಂದು ಕೇಂದ್ರದ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ. ಬೇಲೂರಿನ ಮಟ್ಟಿಗೆ ಅದನ್ನು ಓದಿ ನೋಡಬೇಕಾದ ಕಚೇರಿ ಯಾವುದು ಎಂಬುದು ಎಲ್ಲೂ ನಿಗದಿಯಾಗಿಲ್ಲ.

2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂತು. ಅಲ್ಲಿಂದ ಬೇಲೂರಿನ ಮೂಲಕ ಹಾಸನಕ್ಕೆ ಹಳಿ ಒಯ್ಯುವ ಯೋಜನೆಯಿದೆ. ಮಾತೆಲ್ಲ ಹಳಿಯ ಉದ್ದ, ಭೂಸ್ವಾಧೀನ, ಪರಿಹಾರಗಳ ಸುತ್ತ. ಬೇಲೂರು ನಿಲ್ದಾಣ ಊರಿನಿಂದ ನಡೆದು ಹೋಗುವಷ್ಟು ಹತ್ತಿರವಿರುತ್ತದೆಯೇ, ಹಳೇಬೀಡಿನ ಬಸ್ಸು ಅದರ ಅಂಗಳದಿಂದಲೇ ಹೊರಡುತ್ತದೆಯೇ, ಕೊನೆಯ ಬಸ್ಸು ಕೊನೆಯ ರೈಲಿನ ಮೇಲೆ ಹೊರಡುತ್ತದೆಯೇ ಎಂದು ಕೇಳಲು ನಕ್ಷೆ ಕಾಗದದ ಮೇಲಿರುವ ಈ ಹೊತ್ತೇ ಸರಿಯಾದದ್ದು.