ನೆಲೆ ಬೇಕಾದುದು ಆಟಕ್ಕೋ, ಆಡುವವರಿಗೋ?

(ರಂಗಾಸಕ್ತರ ಸಭೆಯಲ್ಲಿ ಮಾಡಿದ ಭಾಷಣ)

ಇಂದು ನಮ್ಮ ಮುಂದಿರುವ ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದು. ಊರೂರು ಸುತ್ತುವ ಸಂಗೀತ ನಾಟಕವೊಂದು ಜಾತ್ರೆಗೆ ಬರುತ್ತದೆ. ಡೇರೆ ಏಳುತ್ತದೆ, ಹಾರ್ಮೋನಿಯಂ ದನಿ ಕೇಳುತ್ತದೆ, ನಾಲ್ಕಾರು ವಾರ ಆಟ ಭರ್ತಿಯಾಗುತ್ತದೆ. ಆಗ ಜಿಲ್ಲಾ ಪಟ್ಟಣದ ಪ್ರಮುಖರ ಬಾಯಲ್ಲಿ ಒಂದು ಮಾತು ಹುಟ್ಟುತ್ತದೆ: "ಇಷ್ಟು ಜನ ಬರುತ್ತಿರುವಾಗ ಈ ನಾಟಕ ಏಕೆ ಹೋಗಬೇಕು? ಇಲ್ಲಿಯ ರಂಗಮಂದಿರದಲ್ಲಿಯೇ ವರ್ಷವಿಡೀ ನಡೆಯಲಿ. ನಮ್ಮ ಊರಿನ ನಟರೇ ಆಡಲಿ. ಹೊರ ಊರಿನವರು ಬಂದು ನೋಡಲಿ."

ಈ ಮಾತನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ. ಇದನ್ನು ಆಡುವವರಲ್ಲಿ ನಾಟಕವನ್ನು ನಿಜವಾಗಿ ಪ್ರೀತಿಸುವವರಿದ್ದಾರೆ. ತಿರುಗಾಟದ ಬಾಳು ಎಂತಹದೆಂಬುದನ್ನು ಅವರು ಬಲ್ಲರು. ಲಾರಿಗೆ ಪರದೆ, ಪೆಟ್ಟಿಗೆ, ತಗಡು, ಕಂಬ ಏರಿಸಬೇಕು. ಹೊಸ ಊರಿನಲ್ಲಿ ಮೈದಾನದ ಬಾಡಿಗೆ ಕಟ್ಟಬೇಕು, ಪರವಾನಗಿಗೆ ಅಲೆಯಬೇಕು, ವಿದ್ಯುತ್ತಿಗೆ ಅರ್ಜಿ ಕೊಡಬೇಕು. ಕಲಾವಿದೆಯರು ಡೇರೆಯ ಹಿಂದಿನ ತಟ್ಟಿಯ ಮರೆಯಲ್ಲಿ ಸಂಸಾರ ಹೂಡಬೇಕು. ಮಕ್ಕಳು ಒಂದು ಶಾಲೆಯಲ್ಲಿ ನಿಲ್ಲಲಾರರು. ಮಳೆ ಹಿಡಿಯಿತೆಂದರೆ ಕಲೆಕ್ಷನ್ ಇಲ್ಲ. ಕಲೆಕ್ಷನ್ ಇಲ್ಲವೆಂದರೆ ಸಂಬಳವೂ ಇಲ್ಲ. 2020ರಲ್ಲಿ ಜಾತ್ರೆಗಳೇ ನಿಂತುಹೋದಾಗ ಈ ಬಾಳು ಎಷ್ಟು ತೆಳುವಾದ ಹಗ್ಗದ ಮೇಲೆ ನಡೆದಿದೆ ಎಂಬುದನ್ನು ನಾಡೆಲ್ಲ ಕಂಡಿತು. ಇಂಥವರಿಗೆ ಒಂದೆಡೆ ನೆಲೆ ಸಿಗಲಿ ಎಂದರೆ ಬೇಡವೆನ್ನುವ ಕಲ್ಲೆದೆಯವರು ಯಾರು?

ಆದರೆ ಎರಡು ಬೇರೆ ಬೇರೆ ಮಾತುಗಳು ಇಲ್ಲಿ ಒಂದಾಗಿಬಿಟ್ಟಿವೆ. ನಾಟಕವನ್ನು ನಿಲ್ಲಿಸುವುದು ಒಂದು. ನಾಟಕದವರಿಗೆ ನೆಲೆ ಕೊಡುವುದು ಇನ್ನೊಂದು. ಮೊದಲನೆಯದನ್ನು ಮಾಡಿದರೆ ಎರಡನೆಯದು ತಾನಾಗಿ ಆಗುತ್ತದೆಂದು ಪ್ರಮುಖರು ಎಣಿಸಿದ್ದಾರೆ. ಆಗುವುದಿಲ್ಲ ಎಂಬುದೇ ನಮ್ಮ ವಾದ.

ಮೊದಲು ಲೆಕ್ಕವನ್ನೇ ನೋಡೋಣ. ರಂಗಮಂದಿರದಲ್ಲಿ 500 ಕುರ್ಚಿಗಳಿವೆ ಎನ್ನಿ. ವಾರಕ್ಕೆ ಐದು ಆಟವೆಂದರೆ 2,500 ಜನ. ವರ್ಷದ 52 ವಾರಕ್ಕೆ 1,30,000 ಜನ ಬೇಕು. ಒಂದೂವರೆ ಲಕ್ಷ ಜನರ ಪಟ್ಟಣದಲ್ಲಿ ಹಾಲುಗೂಸುಗಳನ್ನೂ ಹಾಸಿಗೆ ಹಿಡಿದವರನ್ನೂ ಬಿಟ್ಟು ಉಳಿದವರೆಲ್ಲ ಒಮ್ಮೆ ಬಂದರೂ ಒಂದು ವರ್ಷ ತುಂಬುವುದು ಕಷ್ಟ. ಎರಡನೆಯ ವರ್ಷ ಯಾರನ್ನು ಕರೆಯುವುದು? ಅರ್ಧ ಮನೆ ತುಂಬಿದರೆ ಸಾಕೆಂದರೂ ಲೆಕ್ಕ ಬಹಳ ದಿನ ನಡೆಯದು.

ನ್ಯೂಯಾರ್ಕಿನಲ್ಲಿ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' ಎಂಬ ಸಂಗೀತ ನಾಟಕ 1988ರಿಂದ 2023ರ ವರೆಗೆ ಒಂದೇ ಥಿಯೇಟರಿನಲ್ಲಿ 13,981 ಆಟ ಕಂಡಿತೆಂದು ಉದಾಹರಣೆ ಕೊಡುವವರಿದ್ದಾರೆ. ನಿಜ. ಆದರೆ ಆ ಊರಿಗೆ ಪ್ರತಿವರ್ಷ ಕೋಟಿಗಟ್ಟಲೆ ಪ್ರವಾಸಿಗರು ಬರುತ್ತಾರೆ. ಅಲ್ಲಿ ನಾಟಕ ನಿಂತಿದೆ, ಪ್ರೇಕ್ಷಕ ಸುತ್ತುತ್ತಿದ್ದಾನೆ. ಕೊನೆಗೆ ಪ್ರವಾಸಿಗರು ಕಡಿಮೆಯಾಗಿ ವೆಚ್ಚ ಏರಿದಾಗ ಅದೂ ಮುಚ್ಚಿತು. ನಮ್ಮ ಜಿಲ್ಲಾ ಪಟ್ಟಣಗಳಲ್ಲಿ ಪ್ರೇಕ್ಷಕ ನೆಲಕ್ಕೆ ಅಂಟಿಕೊಂಡವನು. ಹೊಲ ಬಿಟ್ಟು, ಕೂಲಿ ಬಿಟ್ಟು, ದನ ಬಿಟ್ಟು ಬರಲಾರ. ಆದ್ದರಿಂದಲೇ ನಾಟಕ ಸುತ್ತಬೇಕಾಯಿತು.

ನಮ್ಮ ಹಿಂದಿನವರು ಈ ಲೆಕ್ಕವನ್ನು ಬಲ್ಲವರೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ದೊಡ್ಡ ಊರುಗಳಲ್ಲಿ ತಿಂಗಳುಗಟ್ಟಲೆ ಮೊಕ್ಕಾಂ ಹೂಡುತ್ತಿತ್ತು. ಆದರೆ ಒಂದೇ ನಾಟಕ ಹಿಡಿದು ಕೂರುತ್ತಿರಲಿಲ್ಲ. ಜನ ಬದಲಾಗದಿದ್ದರೆ ನಾಟಕ ಬದಲಾಗಬೇಕು. ನಾಟಕ ಬದಲಾಗದಿದ್ದರೆ ಊರು ಬದಲಾಗಬೇಕು. ಇದು ಕಂಪನಿ ನಾಟಕದ ಮೂಲಪಾಠ. 1934ರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ವೀರಣ್ಣನವರೂ ಈ ಪಾಠವನ್ನು ಮೀರಲಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ನಿಂತ ನಾಟಕವನ್ನು ಯಾರು ನೋಡುತ್ತಾರೆ?

ಪಟ್ಟಣದ ರಂಗಮಂದಿರದಲ್ಲಿ ಆಟ ಸಂಜೆ ಆರೂವರೆಗೋ ಏಳಕ್ಕೋ ಆರಂಭ, ಮುಗಿಯುವುದು ಒಂಬತ್ತೂವರೆಗೆ. ಅಷ್ಟರಲ್ಲಿ ಹಳ್ಳಿಯ ಕೊನೆಯ ಬಸ್ಸು ಹೋಗಿಯಾಗಿರುತ್ತದೆ. ಹತ್ತು ಮೈಲಿಯಾಚೆಯ ಕೂಲಿಕಾರ ಹೆಂಗಸು ಆ ನಾಟಕವನ್ನು ಎಂದೂ ನೋಡಲಾರಳು. ಬಾದಾಮಿಯ ಬನಶಂಕರಿ ಜಾತ್ರೆಯನ್ನು ನೆನೆಯಿರಿ. ಅಲ್ಲಿ ಹಲವು ಕಂಪನಿಗಳು ಒಂದರ ಪಕ್ಕದಲ್ಲಿ ಒಂದು ಡೇರೆ ಹಾಕುತ್ತವೆ. ರಾತ್ರಿಯಿಡೀ ಆಟದ ಮೇಲೆ ಆಟ ನಡೆಯುತ್ತದೆ. ಬೆಳಗಿನ ಬಸ್ಸಿನ ವರೆಗೆ ಜನ ನಾಟಕದಲ್ಲೇ ಇರುತ್ತಾರೆ. ಅಲ್ಲಿ ಆಟದ ಹೊತ್ತನ್ನು ಗೊತ್ತು ಮಾಡಿದವನು ದುಡಿಯುವವನು. ರಂಗಮಂದಿರದಲ್ಲಿ ಗೊತ್ತು ಮಾಡುವವನು ಊಟದ ವೇಳೆಗೆ ಮನೆ ಸೇರಬೇಕಾದ ಪಟ್ಟಣದ ಗೃಹಸ್ಥ. ನಾಟಕ ಒಂದೆಡೆ ನಿಂತಿತೆಂದರೆ ಅದರ ಪ್ರೇಕ್ಷಕ ವರ್ಗವೇ ಬದಲಾಗುತ್ತದೆ. ಪ್ರೇಕ್ಷಕ ಬದಲಾದ ಮೇಲೆ ನಾಟಕದ ಮಾತೂ ಹಾಡೂ ಬದಲಾಗದೆ ಉಳಿಯಲಾರವು.

ಹಾಗಾದರೆ ನಿಂತು ಆಡುವ ನಾಟಕವೇ ಬೇಡವೆ? ಹಾಗೆಂದು ನಾವು ಹೇಳುತ್ತಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇಡೀ ರಾತ್ರಿಯ ನಾಟಕ ಮಾಡಿದರು. ಹಂಸಲೇಖ ಅವರ ಸಂಗೀತ, ನಾಲ್ಕು ಬಯಲು ರಂಗಗಳು, ಒಂಬತ್ತು ಗಂಟೆಯ ಆಟ. ಮುಂದೆ 2013ರಲ್ಲಿ ಅದು ಬೆಂಗಳೂರಿನ ಕಲಾಗ್ರಾಮದಲ್ಲಿ ನೆಲೆಯೂರಿ ಬಹಳ ಆಟಗಳನ್ನು ಕಂಡಿತು. ನಾಲ್ಕು ರಂಗಗಳನ್ನು ಲಾರಿಯ ಮೇಲೆ ಹೇರಿ ಒಯ್ಯಲಾಗದು, ನಿಂತಲ್ಲಿಯೇ ಆಡಬೇಕು. ಅದಕ್ಕೆ ರಾಜಧಾನಿಯ ಜನಸಂಖ್ಯೆ ಬೆನ್ನಿಗಿತ್ತು, ಸರಕಾರದ ಹಣ ಕೈಗಿತ್ತು. ಈ ಎರಡೂ ಇಲ್ಲದ ಊರಿನಲ್ಲಿ ಡೇರೆಯ ನಾಟಕವನ್ನು ಹಿಡಿದು ಕೂರಿಸುವುದು ಹರಿಯುವ ನೀರಿಗೆ ಒಡ್ಡು ಕಟ್ಟಿ, ಕೆಳಗಿನ ಗದ್ದೆಯವರನ್ನು ಮರೆತಂತೆ.

ಇನ್ನು ಮೂರನೆಯ ಮಾತು: ಹಣದ ಮಾತು. ವರ್ಷವಿಡೀ ಆಡಿಸಲು ಮುಂಗಡ ಹಣ ಬೇಕು. ಅದನ್ನು ಹಾಕುವವನು ಗುತ್ತಿಗೆದಾರ. ಅವನು ಕೇಳುವುದೇನು? ಯಾವ ನಾಟಕ ತುಂಬಿದೆಯೋ ಅದೇ ನಡೆಯಲಿ, ಹೊಸದು ಬೇಡ. ಹೊರಗಿನ ಪಳಗಿದ ಕಲಾವಿದರ ಸಂಬಳ ಹೆಚ್ಚು; ಅವರಿಂದ ಹಾಡು ಕಲಿತ ಊರಿನ ಹುಡುಗರು ಅಗ್ಗಕ್ಕೆ ಸಿಗುತ್ತಾರೆ, ಅವರೇ ಸಾಕು. ಹಾರ್ಮೋನಿಯಂ, ತಬಲಾ ಏಕೆ, ಧ್ವನಿಮುದ್ರಿಕೆ ಸಾಲದೆ? ಹೀಗೆ "ಸ್ಥಳೀಯ ನಾಟಕ" ಎಂಬ ಚೆಂದದ ಹೆಸರಿನ ಕೆಳಗೆ ಪಳಗಿದವರಿಗೆ ಕೆಲಸ ಹೋಗುತ್ತದೆ, ಹೊಸಬರಿಗೆ ನ್ಯಾಯವಾದ ಕೂಲಿ ಸಿಗುವುದಿಲ್ಲ. ನಾಟಕ ಬರೆದ ಕವಿಗೂ ರಾಗ ಕೂಡಿಸಿದವನಿಗೂ ಮೊದಲ ದಿನ ಕೊಟ್ಟ ಶಾಲೇ ಕೊನೆಯ ಸಂಭಾವನೆ. ನಾಟಕಕ್ಕೆ ನೆಲೆಯಾಯಿತು, ನಾಟಕದವರು ಬೀದಿಗೆ ಬಂದರು.

ಈ ಅಪಾಯ ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಸಮಾಜವಾದಿಗಳಾದ ನಾವು ತಿಳಿದಿರಬೇಕಾದ ಒಂದು ಕಥೆ ಇಂಗ್ಲೆಂಡಿನಲ್ಲಿದೆ. 1945ರಲ್ಲಿ ಜೋನ್ ಲಿಟಲ್‌ವುಡ್ ಮತ್ತು ಅವರ ಸಂಗಾತಿಗಳು ಥಿಯೇಟರ್ ವರ್ಕ್‌ಶಾಪ್ ಎಂಬ ಎಡಪಂಥೀಯ ತಂಡ ಕಟ್ಟಿ ವರ್ಷಗಳ ಕಾಲ ಊರೂರು ಸುತ್ತಿದರು. 1953ರಲ್ಲಿ ಪೂರ್ವ ಲಂಡನಿನ ಕಾರ್ಮಿಕರ ಬಡಾವಣೆಯ ಹಳೆಯ ಥಿಯೇಟರೊಂದರಲ್ಲಿ ನೆಲೆ ನಿಂತರು. ನೆಲೆಯಿಂದ ಲಾಭವಾಯಿತು, ಒಂದಾದ ಮೇಲೊಂದು ಹೊಸ ನಾಟಕ ಹುಟ್ಟಿತು. 1963ರಲ್ಲಿ ಮೊದಲನೆಯ ಮಹಾಯುದ್ಧದ ಸಿಪಾಯಿಗಳ ಹಾಡುಗಳನ್ನೇ ಹೆಣೆದು 'ಓ, ವಾಟ್ ಎ ಲವ್ಲಿ ವಾರ್!' ಎಂಬ ಸಂಗೀತ ನಾಟಕ ಆಡಿದರು. ಆದರೆ ಜನ ಮೆಚ್ಚಿದ ಆಟಗಳನ್ನೆಲ್ಲ ನಗರದ ನಡುವಿನ ವ್ಯಾಪಾರಿ ಥಿಯೇಟರುಗಳು ಎಳೆದುಕೊಂಡವು. ಅಲ್ಲಿ ದೀರ್ಘಕಾಲ ಅದದೇ ಆಟ ಆಡುವುದಕ್ಕೆ ನಟರು ಕಟ್ಟುಬಿದ್ದರು. ಇತ್ತ ತಂಡದ ಮನೆ ಬರಿದಾಯಿತು. ಮತ್ತೆ ಮತ್ತೆ ಹೊಸಬರನ್ನು ಕೂಡಿಸಬೇಕಾಯಿತು. ಆ ತಂಡವನ್ನು ಬೆಳೆಸಿದ್ದು ನೆಲೆ. ಸವೆಸಿದ್ದು ದೀರ್ಘಕಾಲದ ಒಂದೇ ಆಟ. ಈ ಎರಡನ್ನೂ ಬೇರೆ ಬೇರೆಯಾಗಿ ಕಾಣುವ ಕಣ್ಣು ನಮಗೆ ಬೇಕು.

ಹಾಗಾದರೆ ದಾರಿ ಯಾವುದು? ನಮ್ಮ ನಾಡಿನಲ್ಲಿಯೇ ಇದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಕುರುಡ ಮಕ್ಕಳಿಗೆ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಆ ಅನ್ನಕ್ಕೆ ನೆರವಾದುದು ಅವರ ನಾಟ್ಯಸಂಘ. ಸಂಘ ಊರೂರು ಸುತ್ತಿ ಆಡುತ್ತಿತ್ತು. ಆಶ್ರಮ ನಿಂತಲ್ಲಿ ನಿಂತು ವಿದ್ಯೆ ಕೊಡುತ್ತಿತ್ತು. ನಾಟಕ ನಡೆದುಹೋಗಿ ದುಡಿದು ತಂದದ್ದು ಮನೆಯನ್ನು ನಡೆಸಿತು. ಮನೆಯಲ್ಲಿ ಕಲಿತವರು ನಾಟಕಕ್ಕೆ ದನಿಯಾದರು.

ಇನ್ನೊಂದು ಹೆಗ್ಗೋಡಿನ ನೀನಾಸಂ. 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಿಗಾಗಿ ಸತ್ಯಾಗ್ರಹ ಹೂಡಿದ, ಲೋಹಿಯಾ ಬಂದು ಸೆರೆಯಾದ ಅದೇ ಸಾಗರ ಸೀಮೆಯ ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ಸಂಸ್ಥೆ ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ತಿರುಗಾಟ ಆರಂಭಿಸಿತು. ಮಳೆಗಾಲದಲ್ಲಿ ಹಳ್ಳಿಯಲ್ಲಿ ಕುಳಿತು ನಾಟಕಗಳನ್ನು ಸಿದ್ಧಪಡಿಸುವುದು, ಮಳೆ ನಿಂತ ಮೇಲೆ ನಾಡೆಲ್ಲ ಸುತ್ತುವುದು. ಕೂಡಲು ಒಂದು ಮನೆ, ನಡೆಯಲು ಒಂದು ದಾರಿ. ಸಾಣೇಹಳ್ಳಿಯ ಶಿವಸಂಚಾರವೂ 1997ರಿಂದ ಇದೇ ಬಗೆಯಲ್ಲಿ ನಡೆದಿದೆ.

ಕಂಪನಿಯವರಿಗೆ ಮಠವಿಲ್ಲ, ಆಶ್ರಮವಿಲ್ಲ, ಸಂಸ್ಥೆಯಿಲ್ಲ. ಅವರಿಗೆ ಇದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಸಾಧ್ಯ, ಪಟ್ಟಣದವರು ಮನಸ್ಸು ಮಾಡಬೇಕು. ನಾವು ನಾಲ್ಕು ಸಲಹೆಗಳನ್ನು ಮುಂದಿಡುತ್ತೇವೆ.

ಒಂದು: ಮಳೆಗಾಲದ ನಾಲ್ಕು ತಿಂಗಳು ಜಿಲ್ಲಾ ರಂಗಮಂದಿರವನ್ನು ತಿರುಗಾಟದ ತಂಡವೊಂದಕ್ಕೆ ಹೆಸರಿಗಷ್ಟೇ ಬಾಡಿಗೆಗೆ ಬಿಟ್ಟುಕೊಡಬೇಕು. ಆ ದಿನಗಳಲ್ಲಿ ಅವರು ಇಲ್ಲಿ ತಾಲೀಮು ಮಾಡಲಿ, ವಾರಕ್ಕೊಂದೆರಡು ಆಟ ಆಡಲಿ, ಹೊಸ ನಾಟಕ ಕಟ್ಟಲಿ. ಊರಿನ ಹುಡುಗ ಹುಡುಗಿಯರಿಗೆ ರಂಗಗೀತೆ, ಹಾರ್ಮೋನಿಯಂ, ತಬಲಾ, ಬಣ್ಣಗಾರಿಕೆ ಕಲಿಸಲಿ. ಕಲಿಸಿದ್ದಕ್ಕೆ ಸಂಬಳ ಪಡೆಯಲಿ. ಅಗ್ಗದ ಬದಲಿ ನಟರನ್ನು ತಯಾರಿಸುವುದಕ್ಕಲ್ಲ. ಮುಂದಿನ ತಲೆಮಾರಿನ ಜೊತೆಗಾರರನ್ನು ತಯಾರಿಸುವುದಕ್ಕೆ.

ಎರಡು: ತಂಡ ಮಾಲೀಕನೊಬ್ಬನ ಸೊತ್ತಾಗದೆ ದುಡಿಯುವವರ ಸಹಕಾರ ಸಂಘವಾಗಬೇಕು. 1905ರಲ್ಲಿಯೇ ಗದಗ ತಾಲ್ಲೂಕಿನ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿ ತೋರಿಸಿದ ನಾಡು ನಮ್ಮದು. ರೈತರಿಗೆ ಸಾಧ್ಯವಾದುದು ನಟರಿಗೆ ಏಕೆ ಸಾಧ್ಯವಿಲ್ಲ? ನಾಯಕಿಗೂ ಪರದೆ ಎಳೆಯುವವನಿಗೂ ಹನ್ನೆರಡು ತಿಂಗಳ ಸಂಬಳ, ಹೆಣ್ಣು ಗಂಡೆಂಬ ಭೇದವಿಲ್ಲದ ಕೂಲಿ, ಬರವಣಿಗೆಯಲ್ಲಿ ಕರಾರು. ಕವಿಗೂ ಸಂಗೀತಗಾರನಿಗೂ ಆಟಕ್ಕೆ ಇಷ್ಟು ಎಂದು ಪಾಲು.

ಮೂರು: ಕಲಾವಿದರ ಕುಟುಂಬಗಳಿಗೆ ಪಟ್ಟಣದಲ್ಲಿ ವಸತಿ. ತಂಡ ಸುತ್ತುವಾಗ ಮಕ್ಕಳು ಒಂದೇ ಶಾಲೆಯಲ್ಲಿ ಉಳಿಯುವಂತೆ ವಿದ್ಯಾರ್ಥಿನಿಲಯದಲ್ಲಿ ಜಾಗ. ಮುದಿತನದಲ್ಲಿ ಸರಕಾರ ಕೊಡುವ ಮಾಸಾಶನ ಒಳ್ಳೆಯದೇ. ಆದರೆ ಬಾಳಿನುದ್ದಕ್ಕೂ ಅಲೆದಾಡಿಸಿ ಕೊನೆಗೆ ಕೈಗೆ ನಾಲ್ಕು ಕಾಸು ಇಡುವುದು ನ್ಯಾಯವಲ್ಲ.

ನಾಲ್ಕು: ಮಳೆ ನಿಂತೊಡನೆ ನಾಟಕ ಹೊರಡಲೇಬೇಕು. ತಾಲ್ಲೂಕು ಕೇಂದ್ರಕ್ಕೆ, ಸಂತೆಯ ಊರಿಗೆ, ಜಾತ್ರೆಗೆ. ನಗರಸಭೆ, ಪಂಚಾಯಿತಿಗಳು ಮೈದಾನವನ್ನು ಹರಾಜು ಹಾಕದೆ ಕಡಿಮೆ ಬಾಡಿಗೆಗೆ ಕೊಡಬೇಕು. ಪ್ರತಿ ಆಟದಲ್ಲಿಯೂ ಕೂಲಿಕಾರನ ಕೈಗೆಟಕುವ ನೆಲದ ಟಿಕೀಟು ಇರಬೇಕು.

ಇದರಿಂದ ಪಟ್ಟಣದ ಹೋಟೆಲಿನವರಿಗೆ, ಆಟೋದವರಿಗೆ ವರ್ಷವಿಡೀ ವ್ಯಾಪಾರವಾಗದಲ್ಲ ಎಂಬ ಆಕ್ಷೇಪ ಬರುತ್ತದೆ. ಆಗುವುದಿಲ್ಲ, ನಿಜ. ಆದರೆ ಖಾಲಿ ಕುರ್ಚಿಗಳ ನಾಟಕದಿಂದಲೂ ಅವರಿಗೆ ವ್ಯಾಪಾರವಿಲ್ಲ. ಪ್ರತಿವರ್ಷ ಹೊಸ ನಾಟಕದೊಡನೆ ನಾಲ್ಕು ತಿಂಗಳು ತುಂಬಿದ ರಂಗಮಂದಿರವು ಹನ್ನೆರಡು ತಿಂಗಳು ಬಣಗುಡುವ ರಂಗಮಂದಿರಕ್ಕಿಂತ ಮೇಲು. ಟೀವಿ, ಮೊಬೈಲುಗಳ ಕಾಲದಲ್ಲಿ ನಾಟಕ ಸುತ್ತಿದರೂ ಯಾರು ನೋಡುತ್ತಾರೆ ಎನ್ನುವವರಿಗೆ ಬನಶಂಕರಿಯ ಡೇರೆಗಳೇ ಉತ್ತರ. ಕೈಯಲ್ಲಿ ಮೊಬೈಲು ಹಿಡಿದವನೇ ಅಲ್ಲಿ ಸಾಲುನಿಂತು ಟಿಕೀಟು ಕೊಳ್ಳುತ್ತಾನೆ.

ಮಿತ್ರರೆ, ಊರಿಗೆ ಹೆಮ್ಮೆ ಬೇಕು. ಆದರೆ ತುಂಬಿದ ಒಂದು ನಾಟಕವನ್ನು ಹಿಡಿದಿಟ್ಟುಕೊಂಡೆವೆಂಬುದು ಹೆಮ್ಮೆಯಲ್ಲ. ನಾಟಕದವರ ಮಕ್ಕಳು ನಮ್ಮ ಶಾಲೆಯಲ್ಲಿ ಓದುತ್ತಾರೆ, ಅವರ ಸಂಬಳ ಮಳೆಗಾಲದಲ್ಲಿಯೂ ನಿಲ್ಲುವುದಿಲ್ಲ, ಇಲ್ಲಿ ಕಟ್ಟಿದ ನಾಟಕ ನೂರು ಹಳ್ಳಿಗಳಿಗೆ ಹೋಗುತ್ತದೆ ಎಂದು ಹೇಳಿಕೊಳ್ಳುವ ದಿನ ಬಂದರೆ ಅದು ಹೆಮ್ಮೆ. ರಂಗಮಂದಿರದ ಆಡಳಿತ ಸಮಿತಿಯ ಮುಂದೆ ಗುತ್ತಿಗೆಯ ಅರ್ಜಿ ಬಂದಾಗ ಈ ನಾಲ್ಕು ಸಲಹೆಗಳ ಅರ್ಜಿಯೂ ಅದರ ಪಕ್ಕದಲ್ಲಿ ಇರುವಂತೆ ನೋಡಿಕೊಳ್ಳುವುದು ಇಲ್ಲಿ ನೆರೆದ ನಮ್ಮೆಲ್ಲರ ಕೆಲಸ. ಅದಕ್ಕೆ ಸಹಿ ಕೂಡಿಸುವುದನ್ನು ಇಂದೇ ಆರಂಭಿಸೋಣ.