ರಕ್ತದಿಂದಲೋ, ನೆಲದಿಂದಲೋ?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



‘ಬಿ.ಇ. ಓದಿದವ ರೋಗದ ಬಗ್ಗೆ ಏನ್ ಹೇಳ್ತಾನ?’ ಎಂದು ನಿಮಗೆ ಅನಿಸಬಹುದು. ನಾನು ವೈದ್ಯನಲ್ಲ. ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿ ಲೆಕ್ಕ ನೋಡುವುದು ನನ್ನ ಉದ್ಯೋಗ. ಇವತ್ತು ಹೇಳುವುದೂ ಲೆಕ್ಕವೇ. ಒಂದು ರೋಗ ಯಾವ ಊರಲ್ಲಿ, ಯಾವ ಮನೆತನದಲ್ಲಿ, ಯಾವ ವಯಸ್ಸಿಗೆ ಬರುತ್ತದೆ ಎಂಬ ಲೆಕ್ಕ.

ಮೆದುಳು ಮತ್ತು ಬೆನ್ನುಹುರಿಯಿಂದ ಸ್ನಾಯುಗಳಿಗೆ ‘ಏಳು, ಹಿಡಿ, ನುಂಗು’ ಎಂದು ಆಜ್ಞೆ ಒಯ್ಯುವ ನರಕೋಶಗಳಿಗೆ ಮೋಟಾರ್ ನ್ಯೂರಾನ್ ಎನ್ನುತ್ತಾರೆ. ಅವು ಒಂದೊಂದಾಗಿ ಸತ್ತರೆ ಕೈಕಾಲು ಸೊರಗುತ್ತವೆ, ಮಾತು ತೊದಲುತ್ತದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗಿದ್ದದ್ದು ಈ ಗುಂಪಿನ ಎ.ಎಲ್.ಎಸ್. ಎಂಬ ರೋಗ.

ನಮ್ಮಲ್ಲಿ ಕೈ ಸೊರಗಿದರೆ ಲಕ್ವಾ ಎನ್ನುತ್ತೇವೆ, ಇಲ್ಲವೆ ಮನೆದೇವರ ಹರಕೆ ತಪ್ಪಿತು ಎನ್ನುತ್ತೇವೆ. ನಾಲ್ಕಕ್ಷರ ಓದಿದವರು ‘ಅದು ಅವರ ವಂಶದಾಗ ಐತಿ’ ಎಂದು ಆ ಮನೆಯ ಹೆಣ್ಣನ್ನು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಮಾತೂ ಮೊದಲಿನದರಷ್ಟೇ ಅಂದಾಜಿನದು. ಎ.ಎಲ್.ಎಸ್. ರೋಗಿಗಳಲ್ಲಿ ಮನೆತನದಲ್ಲಿ ಬೇರೆಯವರಿಗೂ ರೋಗವಿರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ.

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಕತೆ ಕೇಳಿ. 1950ರ ದಶಕದಲ್ಲಿ ಅಲ್ಲಿನ ಚಮೋರೊ ಜನರಲ್ಲಿ ಈ ರೋಗ ಅಮೆರಿಕದಲ್ಲಿದ್ದುದಕ್ಕಿಂತ 50ರಿಂದ 100 ಪಟ್ಟು ಹೆಚ್ಚಿತ್ತು. ಒಂದೊಂದು ಮನೆಯಲ್ಲಿ ಇಬ್ಬರು ಮೂವರಿಗೆ ಬಂದದ್ದು ನೋಡಿ ಇದು ವಂಶದ್ದೇ ಎಂದುಕೊಂಡರು. ಆದರೆ ಮುಂದೆ ನಾಲ್ಕು ದಶಕಗಳಲ್ಲಿ ಅದು ತಾನಾಗಿ ಇಳಿಯಿತು. ಅಷ್ಟು ಬೇಗ ಒಂದು ಜನಾಂಗದ ರಕ್ತ ಬದಲಾಗುವುದಿಲ್ಲ, ಊಟ-ಬದುಕು ಬದಲಾಗುತ್ತದೆ. ಅವರು ನೀರಲ್ಲಿ ನೆನೆಹಾಕಿ ವಿಷ ತೆಗೆದು ತಿನ್ನುತ್ತಿದ್ದ ಸೈಕಾಡ್ ಬೀಜದ ಹಿಟ್ಟಿನ ಮೇಲೆ ಅನುಮಾನ ಬಂತು, ಮಣ್ಣು-ನೀರಿನ ಮೇಲೂ ಬಂತು. ವಿಜ್ಞಾನಿಗಳ ಆ ವಾದ ಇನ್ನೂ ಮುಗಿದಿಲ್ಲ.

ನಮ್ಮ ರಾಜ್ಯದಲ್ಲಿ ಇದರ ತಿರುವುಮುರುವು ನಡೆಯಿತು. 1970ರ ದಶಕದಲ್ಲಿ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಬಡ ಕೂಲಿಕಾರರ ಸೊಂಟ, ಮೊಣಕಾಲುಗಳ ಕೀಲು ಸವೆಯತೊಡಗಿದವು. ಅದು ನರದ ರೋಗವಲ್ಲ, ಮೂಳೆಯದು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವೆಂದು ಮೊದಲು ಶಂಕಿಸಿದರು. ಮುಂದಿನ ಅಧ್ಯಯನಗಳು ಅದು ವಂಶವಾಹಿಯದೆಂದು ತೋರಿಸಿದವು.

ಇನ್ನು ನಮ್ಮ ದಕ್ಷಿಣದ ಮಾತು. 1970ರಲ್ಲಿ ಮದ್ರಾಸಿನ ವೈದ್ಯರು ಒಂದು ಬಗೆಯನ್ನು ವಿವರಿಸಿದರು. ಚಿಕ್ಕ ವಯಸ್ಸಿಗೇ ಕೈಕಾಲು ಸೊರಗುವುದು, ಜೊತೆಗೆ ಕಿವಿ ಮಂದವಾಗುವುದು, ಆದರೆ ರೋಗ ನಿಧಾನವಾಗಿ ಸಾಗುವುದು. ಇದಕ್ಕೆ ಮದ್ರಾಸ್ ಮೋಟಾರ್ ನ್ಯೂರಾನ್ ರೋಗವೆಂದೇ ಹೆಸರು. ಹೆಚ್ಚಾಗಿ ಕಾಣುವುದು ದಕ್ಷಿಣ ಭಾರತದಲ್ಲೇ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಅವರೇ 30 ವರ್ಷಗಳ 1,153 ಎ.ಎಲ್.ಎಸ್. ರೋಗಿಗಳ ದಾಖಲೆ ಸೇರಿಸಿ 2008ರಲ್ಲಿ ಪ್ರಕಟಿಸಿದರು. ರೋಗ ಶುರುವಾದ ಸರಾಸರಿ ವಯಸ್ಸು 46. ಪಾಶ್ಚಾತ್ಯ ದೇಶಗಳಲ್ಲಿ ಅದು ಅರವತ್ತರ ಆಸುಪಾಸು.

ಹಾಗಾದರೆ ನಮ್ಮ ರಕ್ತ ಬೇರೆಯೇ? ಸ್ವಲ್ಪ ಇರಬಹುದು. ಯುರೋಪಿಯನ್ನರಲ್ಲಿ ಬಹಳ ಕಾಣುವ, 2011ರಲ್ಲಿ ಪತ್ತೆಯಾದ ಒಂದು ವಂಶವಾಹಿ ದೋಷ ಏಷ್ಯಾದವರಲ್ಲಿ ಅಪರೂಪ. ಆದರೆ ಲೆಕ್ಕ ಮಾಡುವವನಾಗಿ ನನ್ನದೊಂದು ಪ್ರಶ್ನೆ: ಆಸ್ಪತ್ರೆಯ ಪುಸ್ತಕದಲ್ಲಿ ಹೆಸರು ಬರುವುದು ಯಾರದು? ನಲವತ್ತು ವರ್ಷದ ದುಡಿಯುವ ಮಗನ ಕೈ ಸೋತರೆ ಸಾಲ ಮಾಡಿಯಾದರೂ ಬೆಂಗಳೂರಿಗೆ ಒಯ್ಯುತ್ತೇವೆ. ಎಪ್ಪತ್ತರ ಅಜ್ಜನ ಕೈ ಸೋತರೆ ‘ವಯಸ್ಸಾತು ಬಿಡು’ ಎಂದು ಕಟ್ಟೆಯ ಮೇಲೆ ಕೂರಿಸುತ್ತೇವೆ. ಅಜ್ಜ ಲೆಕ್ಕಕ್ಕೇ ಸಿಗಲಿಲ್ಲ. ನಮ್ಮ ದೇಶದಲ್ಲಿ ಹರೆಯದವರ ಸಂಖ್ಯೆಯೂ ಜಾಸ್ತಿ. ಈ ಎರಡನ್ನೂ ಕಳೆದ ಮೇಲೆ ಉಳಿದದ್ದಷ್ಟೇ ರಕ್ತ-ನೆಲಗಳ ಪಾಲು.

ತಾಯಂದಿರೆ, ಇನ್ನೊಂದು ಬಗೆಯಲ್ಲಿ ಮಾತ್ರ ವಂಶದ ಪಾತ್ರ ಸ್ಪಷ್ಟವಾಗಿದೆ. ಅದು ಮಕ್ಕಳಿಗೆ ಬರುವ ಎಸ್.ಎಂ.ಎ. ಅದರ ತೀವ್ರ ಬಗೆಯಲ್ಲಿ ಕೂಸು ಚುರುಕಾಗಿ ಕಣ್ಣರಳಿಸಿ ನಗುತ್ತದೆ, ಆದರೆ ಕುತ್ತಿಗೆ ನಿಲ್ಲುವುದಿಲ್ಲ, ಕೂರುವುದಿಲ್ಲ. ಬಸುರಿಯಿದ್ದಾಗ ಗ್ರಹಣ ನೋಡಿದಳು ಎಂದು ಸೊಸೆಯನ್ನು ಬೈಯುತ್ತಾರೆ. ಸಾಮಾನ್ಯವಾಗಿ ಆ ದೋಷ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದು ಸೇರಿದಾಗಲೇ ಮಗುವಿಗೆ ರೋಗ. ಒಂದೊಂದನ್ನೇ ಹೊತ್ತ ತಂದೆತಾಯಿ ಗಟ್ಟಿಮುಟ್ಟಾಗಿರುತ್ತಾರೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಹೊರಗಿನ ಸಂಬಂಧದಲ್ಲೂ ಇದು ಆಗುತ್ತದೆ. ಆದರೆ ಒಂದೇ ಅಜ್ಜನಿಂದ ಇಳಿದು ಬಂದ ದೋಷ ಸೋದರಮಾವನಲ್ಲೂ ಅಕ್ಕನ ಮಗಳಲ್ಲೂ ಇರುವ ಸಂಭವ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಯಾದ 65,000ಕ್ಕೂ ಹೆಚ್ಚು ದಂಪತಿಗಳನ್ನು ವಿಚಾರಿಸಿದಾಗ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದಾಗಿತ್ತು. ಹೊಲ ಒಡೆಯಬಾರದು, ಮಗಳು ಕಣ್ಣೆದುರಿಗಿರಬೇಕು ಎಂಬ ಹಿರಿಯರ ಆಸೆ ನನಗೆ ಅರ್ಥವಾಗುತ್ತದೆ. ಒಳಸಂಬಂಧದ ಬಹಳ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ. ಆದರೆ ಮನೆತನದಲ್ಲಿ ಒಂದು ಕೂಸು ಹೀಗೆ ತೀರಿಕೊಂಡಿದ್ದರೆ ಅಕ್ಷತೆಗೆ ಮೊದಲು ರಕ್ತ ಪರೀಕ್ಷೆ ಆಗಲೇಬೇಕು. ಅದಕ್ಕೆ ಬೇಕಾಗುವುದು ಕೆಲವು ಸಾವಿರ ರೂಪಾಯಿ. ರೋಗ ಬಂದ ಮೇಲಿನ ಇಂಜೆಕ್ಷನ್ನಿನ ಬೆಲೆ ಕೋಟಿಗಳಲ್ಲಿದೆ.

ಹೈಸ್ಕೂಲು, ಕಾಲೇಜಿನ ಹುಡುಗರಿಗೂ ಒಂದು ಮಾತು. 15ರಿಂದ 25ರೊಳಗೆ ಒಂದೇ ಕೈಯ ಬೆರಳುಗಳು ಸೋತು, ಚಳಿಯಲ್ಲಿ ಇನ್ನಷ್ಟು ಮರಗಟ್ಟಿದರೆ ಮುಚ್ಚಿಡಬೇಡಿ. 1959ರಲ್ಲಿ ಜಪಾನಿನ ಹಿರಾಯಾಮ ಎಂಬ ವೈದ್ಯರು ಗುರುತಿಸಿದ ಈ ರೋಗ ನಮ್ಮ ದೇಶದಲ್ಲೂ ಇದೆ. ಕುತ್ತಿಗೆ ಬಗ್ಗಿಸಿದಾಗ ಬೆನ್ನುಹುರಿ ಒತ್ತಿಹೋಗುವುದು ಇದರ ಕಾರಣ. ಬೇಗ ಗೊತ್ತಾದರೆ ಕುತ್ತಿಗೆಗೆ ಪಟ್ಟಿ ಕಟ್ಟಿ ಮುಂದುವರಿಯದಂತೆ ತಡೆಯಲು ನೋಡುತ್ತಾರೆ.

ಎಸ್.ಎಂ.ಎ. ಅನುಮಾನವಿರುವ ಕೂಸು ಯಾರ ಮನೆಯಲ್ಲಿದ್ದರೂ ಅದು ಜೀವಂತವಿರುವಾಗಲೇ ರಕ್ತ ಪರೀಕ್ಷೆ ಮಾಡಿಸಿ, ವರದಿಯನ್ನು ಹೊಲದ ಉತಾರದ ಜೊತೆ ಜೋಪಾನವಾಗಿಡಿ. ಮುಂದಿನ ಬಸಿರಿನಲ್ಲಿ ಮೂರನೆಯ ತಿಂಗಳ ಹೊತ್ತಿಗೇ ಹೊಟ್ಟೆಯಲ್ಲಿರುವ ಕೂಸಿನ ಸ್ಥಿತಿ ತಿಳಿಯಬೇಕಾದರೆ ಡಾಕ್ಟರು ಮೊದಲು ಕೇಳುವುದು ಆ ಕಾಗದವನ್ನೇ.