ಒಕಿನಾವದ ಕೆಂಪೋ



ಗರಡಿ ಎಂದೊಡನೆ ನಿಮ್ಮಲ್ಲಿ ಕಾಸರಗೋಡು ಕಡೆಯವರಿಗೆ ಕಳರಿ ನೆನಪಾದೀತು. ಸೊಲ್ಲಾಪುರ, ಜತ್ತ ಕಡೆಯವರಿಗೆ ತಾಲೀಮು. ಇವತ್ತು ನಾನು ಹೇಳಹೊರಟಿರುವುದು ಬಹು ದೂರದ ಒಂದು ಗರಡಿಯ ಸಂಗತಿ. ಜಪಾನಿನ ದಕ್ಷಿಣಕ್ಕೆ ಸಮುದ್ರದ ನಡುವೆ ಒಕಿನಾವ ಎಂಬ ದ್ವೀಪವಿದೆ. ಅಲ್ಲಿಯ ಮುಷ್ಟಿವಿದ್ಯೆಯ ಒಂದು ಸಂಪ್ರದಾಯಕ್ಕೆ ಒಕಿನಾವ ಕೆಂಪೋ ಎಂದು ಹೆಸರು. ಮನೆಯಲ್ಲಿ ಒಂದು ಮಾತು, ಶಾಲೆ ಕಚೇರಿಗಳಲ್ಲಿ ಇನ್ನೊಂದು ಮಾತು ಆಡಿ ಬೆಳೆದವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ಒಕಿನಾವ ಹಿಂದೆ ರ್ಯೂಕ್ಯೂ ಎಂಬ ಸ್ವತಂತ್ರ ರಾಜ್ಯದ ಮುಖ್ಯ ದ್ವೀಪ. ಅಲ್ಲಿಯ ಮಾತು ಜಪಾನಿ ಭಾಷೆಗೆ ಬಂಧುವೇ ಆದರೂ ಟೋಕಿಯೋದವನಿಗೆ ತಿಳಿಯುವಂಥದಲ್ಲ. 1609ರಲ್ಲಿ ಜಪಾನಿನ ಸತ್ಸುಮ ಪಾಳೆಯದವರು ದಂಡೆತ್ತಿ ಬಂದು ಅರಸನನ್ನು ಅಂಕೆಯಲ್ಲಿಟ್ಟುಕೊಂಡರು. ಇತ್ತ ಚೀನಕ್ಕೂ ಕಪ್ಪ ಹೋಗುತ್ತಲೇ ಇತ್ತು. ಆ ಹಡಗುಗಳ ದಾರಿಯಲ್ಲೇ ಚೀನದ ಮುಷ್ಟಿವಿದ್ಯೆಯೂ ಬಂದು ದ್ವೀಪದ ಹಳೆಯ ಕೈವರಸೆಯೊಡನೆ ಬೆರೆಯಿತು. ಕೆಂಪೋ ಎಂಬ ಪದವೇ ಚೀನದ್ದು. ಮುಷ್ಟಿಯ ವಿಧಿ ಎಂದು ಅರ್ಥ. ಉಚ್ಚಾರ ಮಾತ್ರ ಜಪಾನಿನದು. ಆಯುಧ ಕಳೆದುಕೊಂಡ ಬಡ ರೈತರು ರಾತ್ರಿ ಕದ್ದು ಕಲಿತ ವಿದ್ಯೆ ಇದು ಎಂದು ಪುಸ್ತಕಗಳು ಹೇಳುವುದುಂಟು. ಕೇಳಲು ಚೆನ್ನಾಗಿದೆ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೆಸರು ಉಳಿದ ಗುರುಗಳಲ್ಲಿ ಅನೇಕರು ಅರಮನೆಯ ಊಳಿಗದವರು. ಮತ್ಸುಮುರ ಸೋಕೊನ್ ಅರಸರ ಅಂಗರಕ್ಷಕ. ಅವರ ಶಿಷ್ಯ ಇತೋಸು ಆಂಕೊ ಅರಮನೆಯ ಬರವಣಿಗೆಯ ಕೆಲಸದಲ್ಲಿದ್ದವರು.

1879ರಲ್ಲಿ ಜಪಾನು ರಾಜ್ಯವನ್ನೇ ತೆಗೆದುಹಾಕಿ ಒಕಿನಾವವನ್ನು ತನ್ನದೊಂದು ಜಿಲ್ಲೆಯನ್ನಾಗಿ ಮಾಡಿಕೊಂಡಿತು. ಶಾಲೆಗಳು ಬಂದವು, ಪಾಠ ಜಪಾನಿ ಭಾಷೆಯಲ್ಲಿ. ಮನೆಮಾತು ಬಾಯಿಗೆ ಬಂದ ಹುಡುಗನ ಕೊರಳಿಗೆ ಮರದ ಹಲಗೆಯೊಂದನ್ನು ಕಟ್ಟುತ್ತಿದ್ದರು. ಹಾಗೆ ಮಾತನಾಡಿದ ಇನ್ನೊಬ್ಬ ಸಿಕ್ಕಿದರೆ ಹಲಗೆ ಅವನ ಕೊರಳಿಗೆ ದಾಟುತ್ತಿತ್ತು. ಮಕ್ಕಳೇ ಮಕ್ಕಳನ್ನು ಕಾಯುವ ಏರ್ಪಾಡು!

ಇಂಥ ಶಾಲೆಗಳ ಅಂಗಳಕ್ಕೇ ಇತೋಸು ಅವರು 1901ರ ಸುಮಾರಿಗೆ ಮುಷ್ಟಿವಿದ್ಯೆಯನ್ನು ತಂದರು. 1908ರಲ್ಲಿ ಸರಕಾರಕ್ಕೆ ಬರೆದ ಪತ್ರದಲ್ಲಿ, ಇದರಿಂದ ಸೈನ್ಯಕ್ಕೂ ಉಪಯೋಗವುಂಟು ಎಂದು ಅವರು ತಿಳಿಸಿದರು. ಆ ಕಾಲದಲ್ಲಿ ಅದು ಬಾಗಿಲು ತೆರೆಯುವ ಮಾತು. ಎಳೆಯರಿಗೆಂದು ಅವರು ಕಟ್ಟಿದ ಐದು ವರಸೆಗಳಿಗೆ ಪಿನಾನ್ ಎಂದು ಹೆಸರು. ಮಕ್ಕಳ ಮಾತಿಗೆ ಶಿಕ್ಷೆಯಿದ್ದ ಅಂಗಳದಲ್ಲಿ ಅವರ ಕೈಕಾಲು ಮಾತ್ರ ತಾತಂದಿರ ವಿದ್ಯೆಯನ್ನು ಕಲಿಯಿತು.

ಈ ವರಸೆಗಳಿಗೆ ಅವರು ಕಾತಾ ಎನ್ನುತ್ತಾರೆ. ಎದುರಾಳಿ ಇದ್ದಾನೆಂದೇ ಭಾವಿಸಿಕೊಂಡು, ಹೊಡೆತ, ತಡೆ, ಹೆಜ್ಜೆ, ತಿರುವುಗಳನ್ನು ಗೊತ್ತಾದ ಕ್ರಮದಲ್ಲಿ ಒಬ್ಬನೇ ಆಡುವುದು. ನೈಹಾಂಚಿ ಎಂಬ ಕಾತಾ ನೋಡಿ. ಕಾಲಗಲಿಸಿ, ಮಂಡಿ ಬಗ್ಗಿಸಿ, ಸೊಂಟ ಇಳಿಸಿ ನಿಲ್ಲಬೇಕು. ಮುಂದಿಲ್ಲ, ಹಿಂದಿಲ್ಲ, ಒಂದೇ ಗೆರೆಯ ಮೇಲೆ ಎಡಕ್ಕೆ, ಬಲಕ್ಕೆ, ಅಷ್ಟೇ. ನೋಡುವವರಿಗೆ ಏನೂ ಅಲ್ಲವೆನಿಸುತ್ತದೆ. ಮಾಡುವವನ ತೊಡೆ ನಡುಗುತ್ತದೆ. ಇತೋಸು ಅವರಲ್ಲಿ ಕಲಿತ ಫುನಾಕೋಶಿ ಗಿಚಿನ್ ಇದರ ಮೂರು ಭಾಗಗಳಿಗೆ ತಮಗೆ ಹತ್ತು ವರ್ಷ ಹಿಡಿಯಿತೆಂದು ಬರೆದಿದ್ದಾರೆ.

ಈ ಫುನಾಕೋಶಿಯವರೇ 1922ರಲ್ಲಿ ಟೋಕಿಯೋಕ್ಕೆ ಹೋಗಿ ವಿದ್ಯೆಯನ್ನು ಅಲ್ಲಿ ತೋರಿಸಿದವರು. ಆ ವರ್ಷ ಅವರು ಬರೆದ ಪುಸ್ತಕದ ಹೆಸರಿನಲ್ಲಿ ರ್ಯೂಕ್ಯೂ ಇತ್ತು, ಕೆಂಪೋ ಇತ್ತು. ಮುಂದೆ ಹೆಸರುಗಳು ಒಂದೊಂದಾಗಿ ಬದಲಾದವು. ಪಿನಾನ್ ಹೋಗಿ ಹೇಯಾನ್ ಆಯಿತು. ಬರೆಯುವ ಅಕ್ಷರ ಅದೇ, ಓದುವ ನಾಲಿಗೆ ಬೇರೆ. ನೈಹಾಂಚಿ ತೆಕ್ಕಿಯಾಯಿತು. ಚೀನದಿಂದ ಬಂದ ಒಬ್ಬ ವೀರನ ನೆನಪಿನ ಕುಸಾಂಕು, ಕಾಂಕುವಾಯಿತು. ಚೀನದ ಕೈ ಎಂದು ಬರೆಯುತ್ತಿದ್ದ ಕರಾಟೆಯನ್ನು ಬರಿಗೈ ಎಂದು ಬರೆಯಲು 1936ರಲ್ಲಿ ನಾಹಾ ಪಟ್ಟಣದಲ್ಲಿ ಸೇರಿದ ಒಕಿನಾವದ ಗುರುಗಳೇ ಒಪ್ಪಿಕೊಂಡರು. ಮರುವರ್ಷ ಜಪಾನು ಚೀನದ ಮೇಲೆ ಪೂರ್ಣ ಯುದ್ಧಕ್ಕಿಳಿಯಿತು. ಬರಿಗೈ ಎಂಬ ಬರಹ 1905ರಲ್ಲೇ ಒಬ್ಬ ಒಕಿನಾವ ಗುರುವಿನ ಲೇಖನಿಯಿಂದ ಬಂದಿತ್ತು ನಿಜ. ಆದರೆ ಚೀನದ ಹೆಸರು ಹೇಳಲು ಹಿಂಜರಿಯುವ ಕಾಲ ಬಂದ ಮೇಲೆಯೇ ಅದು ಎಲ್ಲರದಾಯಿತು.

1945ರ ಏಪ್ರಿಲಿನಿಂದ ಜೂನ್‌ವರೆಗೆ ದ್ವೀಪವೇ ರಣರಂಗ. ಒಕಿನಾವದ ಮಾತಾಡುವವನನ್ನು ಗೂಢಚಾರನೆಂದು ಎಣಿಸಬೇಕೆಂದು ಜಪಾನಿ ಸೈನ್ಯ ಆಜ್ಞೆ ಹೊರಡಿಸಿತ್ತು. ಎಷ್ಟೋ ಮನೆತನಗಳೊಂದಿಗೆ ಎಷ್ಟೋ ಗುರುಗಳೂ ಹೋದರು.

ಉಳಿದವರಲ್ಲಿ ಒಬ್ಬರು ದ್ವೀಪದ ಉತ್ತರಕ್ಕಿರುವ ನಾಗೊ ಊರಿನ ನಾಕಮುರ ಶಿಗೆರು. ಊರಿನ ಹಿರಿಯ ಗುರು ಕುನಿಯೋಶಿ ಶಿಂಕಿಚಿಯವರ ಶಿಷ್ಯ. ಯುದ್ಧ ಮುಗಿದ ಮೇಲೆ ಅವರು ನಾಗೊದಲ್ಲಿ ತಮ್ಮ ಗರಡಿ ನಡೆಸಿದರು. ಜಗತ್ತೆಲ್ಲ ಕರಾಟೆ ಎನ್ನುತ್ತಿದ್ದಾಗ ಅವರು ಎತ್ತಿಕೊಂಡದ್ದು ಹಳೆಯ ಹೆಸರು: ಒಕಿನಾವ ಕೆಂಪೋ. ಮನೆಗೊಂದು ಪಂಥವಾಗಿ ಒಡೆದುಹೋದ ವಿದ್ಯೆಯನ್ನು ದ್ವೀಪದ ಹೆಸರಿನಡಿ ಒಂದುಗೂಡಿಸಬೇಕೆಂಬುದು ಅವರ ಆಸೆ. 1969ರಲ್ಲಿ ಅವರು ತೀರಿಕೊಂಡರು. ಒಗ್ಗಟ್ಟು ಹೆಚ್ಚು ದಿನ ನಿಲ್ಲಲಿಲ್ಲ.

ಆದರೆ ಅವರ ಪದ್ಧತಿ ನಿಂತಿತು. ಕಾತಾ ಒಂದನ್ನೇ ಆಡುತ್ತ ಕೂತರೆ ಪೆಟ್ಟಿನ ನಿಜ ಗೊತ್ತಾಗದೆಂದು ಅವರು ಶಿಷ್ಯರಿಗೆ ಎದೆಗವಚ, ಮುಖಕ್ಕೆ ಜಾಲರಿ ತೊಡಿಸಿ ಪೂರ್ಣ ಬಲದಿಂದ ಹೊಡೆದಾಡಿಸಿದರು. ಸಂಪ್ರದಾಯಸ್ಥರಿಗೆ ಇದು ಹಿಡಿಸಲಿಲ್ಲ. ನನಗೆ ನಾಕಮುರರ ಪಕ್ಷವೇ ಸರಿಯೆನಿಸುತ್ತದೆ.

ಅವರ ಶಿಷ್ಯ ಓದೊ ಸೇಕಿಚಿ 2002ರವರೆಗೆ ಬದುಕಿದ್ದರು. ಅಮೆರಿಕದ ಸೇನಾ ನೆಲೆಗಳಿಂದ ಬಂದ ಸಿಪಾಯಿಗಳಿಗೂ ಅವರು ಕಲಿಸಿದರು. ಹಾಗೆ ಈ ವಿದ್ಯೆ ಕಡಲು ದಾಟಿತು. ಚದುರಿಹೋಗುತ್ತಿದ್ದ ಆಯುಧದ ವರಸೆಗಳನ್ನು ಅವರು ಬಲ್ಲ ಹಿರಿಯರಿಂದ ಕೇಳಿ ಕಲಿತು ಕೂಡಿಸಿದರು. ಆಳೆತ್ತರದ ದೊಣ್ಣೆ, ಜೋಡಿ ಕುಡುಗೋಲು, ಬೀಸುವ ಕಲ್ಲಿನ ಹಿಡಿಯಂಥ ಮರದ ಗೂಟ, ಬೆಸ್ತರ ಹುಟ್ಟು, ಎಲ್ಲ ಅದರಲ್ಲಿವೆ. ಹುಟ್ಟಿನ ವರಸೆಯಲ್ಲಿ ಒಂದು ಚಮತ್ಕಾರವಿದೆ. ಆಡುವವನು ಹುಟ್ಟಿನ ಅಗಲ ತುದಿಯನ್ನು ಥಟ್ಟನೆ ನೆಲಕ್ಕಿಳಿಸಿ ಮೇಲಕ್ಕೆ ಚಿಮ್ಮುತ್ತಾನೆ. ಅದು ಕಡಲ ದಂಡೆಯ ಮರಳನ್ನು ಎದುರಾಳಿಯ ಕಣ್ಣಿಗೆ ಎರಚುವ ಪಟ್ಟು. ಊರೊಳಗಿನ ಹಲಗೆ ನೆಲದ ಮೇಲೆ ಆಡುವಾಗಲೂ ಆ ಪಟ್ಟನ್ನು ಬಿಡುವುದಿಲ್ಲ.